ಮೀನಿನ ಅಲರ್ಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯ ಮನೆಗಳಲ್ಲಿ "ನನಗೆ ಮೀನು ಆಗುವುದಿಲ್ಲ" ಎಂದವರಿಗೆ ಸಾಮಾನ್ಯವಾಗಿ ಎರಡು ಸಲಹೆ ಸಿಗುತ್ತವೆ. "ಸುಮ್ನೆ ಹೆದರಬೇಡಿ, ಒಂದು ತುಂಡು ತಿಂದು ನೋಡಿ" ಎನ್ನುವವರು ಕೆಲವರು. "ಮೀನು, ಸಿಗಡಿ, ಏಡಿ, ಕೋಳಿ, ಮೊಟ್ಟೆ ಎಲ್ಲಾ ಬಿಟ್ಟುಬಿಡಿ" ಎನ್ನುವವರು ಇನ್ನು ಕೆಲವರು. ಮೊದಲನೆಯದರಿಂದ ಜೀವಕ್ಕೇ ಕುತ್ತು ಬರಬಹುದು. ಎರಡನೆಯದನ್ನು ಕೇಳಿದರೆ ತಿನ್ನಬಹುದಾದ ಎಷ್ಟೋ ಪದಾರ್ಥಗಳು ಸುಮ್ಮನೆ ಕೈತಪ್ಪುತ್ತವೆ. ಯಾವ ಮೀನು, ಅದರೊಳಗಿನ ಯಾವ ಪ್ರೋಟೀನು ಎಂದು ಖಚಿತವಾಗಿ ತಿಳಿದುಕೊಳ್ಳುವುದೇ ಸರಿಯಾದ ದಾರಿ.

ನಾನು ಜೀವರಸಾಯನ ಪಾಠ ಮಾಡುವವಳು, ವೈದ್ಯೆಯಲ್ಲ. ತರಗತಿಯಲ್ಲಿ, ಮದುವೆ ಮನೆಗಳಲ್ಲಿ, ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ನಿಮ್ಮ ಔಷಧಿ, ನಿಮ್ಮ ಪರೀಕ್ಷೆಗಳ ವಿಷಯವನ್ನು ಅಲರ್ಜಿ ತಜ್ಞರ ಹತ್ತಿರವೇ ಮಾತಾಡಿ.

## ಶುರುವಿನ ಪ್ರಶ್ನೆಗಳು

ಮೀನು ತಿಂದಾಗೆಲ್ಲ ಮೈಮೇಲೆ ಪಿತ್ತಗಂಧೆ ಏಳುತ್ತೆ. ಇದು ಪಿತ್ತಾನಾ, ಅಲರ್ಜಿನಾ?

ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ, ಪ್ರತಿ ಸಲವೂ ಹೀಗೇ ಆಗುತ್ತಿದ್ದರೆ ಅಲರ್ಜಿ ಎಂದೇ ಅನುಮಾನಿಸಬೇಕು. ಜನ ಪಿತ್ತಗಂಧೆ ಎಂದು ಕರೆಯುವ ಆ ದದ್ದುಗಳಿಗೂ ಪಿತ್ತಕೋಶಕ್ಕೂ ಸಂಬಂಧವಿಲ್ಲ. ನಿಮ್ಮ ದೇಹ ಮೀನಿನ ಒಂದು ಪ್ರೋಟೀನನ್ನು ಹಾನಿಕಾರಕ ಎಂದು ತಪ್ಪಾಗಿ ಗುರುತಿಸಿ, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸಿಕೊಂಡಿರುತ್ತದೆ. ಈ ಪ್ರತಿಕಾಯಗಳು ಚರ್ಮ, ಮೂಗು, ಶ್ವಾಸನಾಳ, ಕರುಳುಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕೂತಿರುತ್ತವೆ. ಅದೇ ಪ್ರೋಟೀನು ಮತ್ತೆ ಬಂದ ಕೂಡಲೇ ಮಾಸ್ಟ್ ಕೋಶಗಳು ಹಿಸ್ಟಮೀನ್ ಮುಂತಾದ ರಾಸಾಯನಿಕಗಳನ್ನು ಸುರಿಯುತ್ತವೆ.

ಆಗ ಗಂಧೆ ಏಳಬಹುದು, ತುಟಿ ಊದಬಹುದು, ಬಾಯಿ ತುರಿಸಬಹುದು. ಹೊಟ್ಟೆನೋವು, ವಾಂತಿ, ಉಬ್ಬಸವೂ ಬರಬಹುದು. ಗಂಟಲು ಬಿಗಿದರೆ, ಉಸಿರು ಕಷ್ಟವಾದರೆ, ತಲೆ ಸುತ್ತಿ ಬಿದ್ದರೆ ಅದು ಅನಾಫಿಲಾಕ್ಸಿಸ್. ಅದು ಜೀವಕ್ಕೆ ಅಪಾಯ ತರುವ ಹಂತ. ಹೋದ ಸಲ ಬರೀ ಗಂಧೆ ಬಂದಿತ್ತು, ಈ ಸಲವೂ ಅಷ್ಟೇ ಎಂದುಕೊಳ್ಳುವ ಹಾಗಿಲ್ಲ.

ಬಂಗುಡೆ ತಿಂದು ಮನೆಯವರೆಲ್ಲರ ಮುಖ ಕೆಂಪಾಗಿ ತಲೆನೋವು ಬಂತು. ಎಲ್ಲರಿಗೂ ಒಟ್ಟಿಗೆ ಅಲರ್ಜಿ ಶುರುವಾಯ್ತಾ?

ಹೆಚ್ಚಿನಂಶ ಇದು ಅಲರ್ಜಿಯಲ್ಲ, ಹಿಸ್ಟಮೀನ್ ವಿಷಬಾಧೆ. ಬಂಗುಡೆ, ಬೂತಾಯಿ, ಟ್ಯೂನಾ ಜಾತಿಯ ಕೇದರ್‌ನಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ ಇರುತ್ತದೆ. ಹಿಡಿದ ಮೀನಿಗೆ ಬೇಗ ಮಂಜುಗಡ್ಡೆ ಹಾಕದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮೀನ್ ಆಗಿ ಬದಲಾಯಿಸುತ್ತವೆ. ಅಲರ್ಜಿಯಲ್ಲಿ ಹಿಸ್ಟಮೀನ್ ನಮ್ಮ ದೇಹದೊಳಗಿನಿಂದ ಬರುತ್ತದೆ. ಇಲ್ಲಿ ಮೀನಿನ ಜೊತೆಗೇ ಬಂದಿರುತ್ತದೆ, ಹಾಗಾಗಿ ಲಕ್ಷಣಗಳು ಒಂದೇ ಥರ ಕಾಣುತ್ತವೆ.

ಒಂದೇ ಪಾತ್ರೆಯಿಂದ ಉಂಡ ಹಲವರಿಗೆ ಒಟ್ಟಿಗೇ ಆಗುವುದು ದೊಡ್ಡ ಸುಳಿವು. ಬಾಯಿಗೆ ಮೆಣಸು ತಾಗಿದ ಹಾಗೆ ಚುರುಕ್ ಎನ್ನುವುದೂ ಉಂಟು. ಹಿಸ್ಟಮೀನ್ ಒಮ್ಮೆ ತಯಾರಾದರೆ ಎಷ್ಟು ಕುದಿಸಿದರೂ ಹೋಗುವುದಿಲ್ಲ, ಉಪ್ಪು ಹುಳಿ ಹಚ್ಚಿಟ್ಟರೂ ಹೋಗುವುದಿಲ್ಲ. ಸಂಜೆವರೆಗೆ ಬಿಸಿಲಿನಲ್ಲಿದ್ದ ಬುಟ್ಟಿಯ ಮೀನು ಕಡಿಮೆ ರೇಟಿಗೆ ಸಿಕ್ಕಿದರೂ ಬೇಡ. ಆದರೆ ಒಬ್ಬರಿಗೆ ಮಾತ್ರ, ತಾಜಾ ಮೀನು ತಿಂದಾಗಲೂ ಹೀಗಾಗುತ್ತಿದ್ದರೆ ಅಲರ್ಜಿ ಪರೀಕ್ಷೆ ಮಾಡಿಸಲೇಬೇಕು.

ಹುಟ್ಟಿದಾಗಿನಿಂದ ಮೀನು ತಿಂದು ಬೆಳೆದವನು ನಾನು. ಈ ವಯಸ್ಸಿಗೆ ಅಲರ್ಜಿ ಹೇಗೆ ಬರುತ್ತೆ?

ಬರುತ್ತದೆ. ಹಾಲು, ಮೊಟ್ಟೆಯ ಅಲರ್ಜಿ ಹೆಚ್ಚಾಗಿ ಚಿಕ್ಕ ಮಕ್ಕಳಲ್ಲೇ ಶುರುವಾಗುತ್ತದೆ. ಮೀನಿನದ್ದು ಹಾಗಲ್ಲ, ದೊಡ್ಡವರಾದ ಮೇಲೂ ಮೊದಲ ಸಲ ಕಾಣಿಸಬಹುದು. ವರ್ಷಗಟ್ಟಲೆ ಮೀನು ಕೊಯ್ದು ಕೈಗೆ ತಾಗಿ, ಬೇಯುವ ಆವಿ ಮೂಗಿಗೆ ಹೋಗಿ, ಆ ಮೂಲಕ ಅಲರ್ಜಿ ಶುರುವಾದವರೂ ಇದ್ದಾರೆ.

ನನಗೆ ಸಿಗಡಿ ಆಗಲ್ಲ. ಮೀನೂ ಬಿಡಬೇಕಾ?

ಅಷ್ಟಕ್ಕೇ ಬಿಡಬೇಕಾಗಿಲ್ಲ. ಮಾರ್ಕೆಟಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ ಅನ್ನುವುದು ಬಿಟ್ಟರೆ ಸಿಗಡಿಗೂ ಮೀನಿಗೂ ಹತ್ತಿರದ ನೆಂಟಸ್ತನ ಇಲ್ಲ. ಸಿಗಡಿ, ಏಡಿಗಳಲ್ಲಿ ಮುಖ್ಯವಾಗಿ ಅಲರ್ಜಿ ತರುವುದು ಟ್ರೋಪೊಮಯೊಸಿನ್ ಎಂಬ ಸ್ನಾಯು ಪ್ರೋಟೀನು. ಅದನ್ನು ಹೋಲುವ ಪ್ರೋಟೀನು ಮರುವಾಯಿ ಎಂಬ ಚಿಪ್ಪುಜೀವಿ, ಸ್ಕ್ವಿಡ್ ಎನ್ನುವ ಬೊಂಡಾಸ್‌ಗಳಲ್ಲೂ ಇದೆ, ಮನೆಯ ಧೂಳಿನ ನುಸಿ, ಜಿರಲೆಗಳಲ್ಲೂ ಇದೆ. ಮೀನಿನ ಮುಖ್ಯ ಅಲರ್ಜಿ ಪ್ರೋಟೀನು ಬೇರೆಯೇ. ಎರಡೂ ಅಲರ್ಜಿ ಇರುವವರು ಇದ್ದಾರೆ, ಆದರೆ ಒಂದು ಇದ್ದರೆ ಇನ್ನೊಂದು ಇರಲೇಬೇಕು ಅಂತಿಲ್ಲ. ಪರೀಕ್ಷೆ ಎರಡಕ್ಕೂ ಬೇರೆ ಬೇರೆ ಆಗಬೇಕು.

ಅಡುಗೆಮನೆಯ ಮಾತು ಬೇರೆ. ಒಂದೇ ಮಣೆ, ಒಂದೇ ಕತ್ತಿ, ಒಂದೇ ಎಣ್ಣೆ ಆದರೆ ಮೀನಿನಲ್ಲೂ ಸಿಗಡಿ ಸೇರಿರುತ್ತದೆ.

ಮೀನು ತಿಂದು ಮೊಸರು ತಿಂದ್ರೆ ಅಲರ್ಜಿ ಆಗುತ್ತಂತೆ, ತೊನ್ನು ಬರುತ್ತಂತೆ. ಹೌದೇನ್ರೀ?

ಇಲ್ಲ. ಮೀನಿನ ಪ್ರೋಟೀನೂ ಹಾಲಿನ ಪ್ರೋಟೀನೂ ಹೊಟ್ಟೆಯಲ್ಲಿ ಸೇರಿ ಹೊಸ ಅಲರ್ಜಿ ಹುಟ್ಟಿಸುವುದಿಲ್ಲ. ತೊನ್ನು ಬರುವುದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡುವುದರಿಂದ. ಬಂಗಾಳದಲ್ಲಿ ಮೊಸರು ಹಾಕಿಯೇ ಮೀನಿನ ಸಾರು ಮಾಡುತ್ತಾರೆ. ಆದರೆ ಈ ನಂಬಿಕೆಯಿಂದ ಒಂದು ತೊಂದರೆ ಉಂಟು. ಗಂಧೆ ಎದ್ದಾಗ ಮೊಸರಿನ ಮೇಲೆ ತಪ್ಪು ಹೊರಿಸಿ, ನಿಜವಾದ ಮೀನಿನ ಅಲರ್ಜಿಯನ್ನು ಗಮನಿಸದೇ ಬಿಡುತ್ತಾರೆ.

## ಮೀನಿನ ಮಾಂಸದೊಳಗೆ

ಅಷ್ಟಕ್ಕೂ ಮೀನಿನಲ್ಲಿ ಅಂಥದ್ದೇನಿದೆ?

ಪಾರ್ವಾಲ್ಬುಮಿನ್. ಮೀನಿನ ಅಲರ್ಜಿ ಇರುವ ಬಹುಪಾಲು ಜನರ ಐಜಿಇ ಹೋಗಿ ಅಂಟುವುದು ಇದಕ್ಕೇ. ಸುಮಾರು 12 ಕಿಲೋಡಾಲ್ಟನ್ ತೂಕದ ಪುಟ್ಟ ಪ್ರೋಟೀನು, ಹೆಚ್ಚುಕಡಿಮೆ 108 ಅಮೈನೋ ಆಮ್ಲಗಳ ಸರ. ಅದರ ಮಡಿಕೆಗಳಲ್ಲಿ ಎರಡು ಕಡೆ ಕ್ಯಾಲ್ಸಿಯಂ ಕೂರುವ ಜಾಗ ಇದೆ.

ಮೀನಿಗೆ ಇದರಿಂದ ಏನು ಉಪಯೋಗ? ಸ್ನಾಯು ಬಿಗಿಯಬೇಕಾದರೆ ಅದರೊಳಗೆ ಕ್ಯಾಲ್ಸಿಯಂ ಏರಬೇಕು. ಮತ್ತೆ ಸಡಿಲವಾಗಬೇಕಾದರೆ ಆ ಕ್ಯಾಲ್ಸಿಯಂ ಬೇಗ ಕಮ್ಮಿಯಾಗಬೇಕು. ಪಾರ್ವಾಲ್ಬುಮಿನ್ ಕ್ಯಾಲ್ಸಿಯಂ ಹಿಡಿದುಕೊಂಡು ಸ್ನಾಯು ಸಡಿಲವಾಗುವುದನ್ನು ಚುರುಕು ಮಾಡುತ್ತದೆ. ಬಲೆಯಿಂದ ತೆಗೆದ ಮೀನು ಪಟಪಟ ಬಾಲ ಬಡಿಯುವುದನ್ನು ನೋಡಿದ್ದೀರಲ್ಲ, ಅಷ್ಟು ವೇಗವಾಗಿ ಬಿಗಿದು ಸಡಿಲವಾಗುವ ಬಿಳಿ ಸ್ನಾಯುವಿನಲ್ಲೇ ಇದು ತುಂಬಿರುತ್ತದೆ.

ಅಂಜಲ್‌ನ ಒಂದು ಉರುಟು ತುಂಡನ್ನು ಕೈಯಲ್ಲಿ ಹಿಡಿದು ನೋಡಿ. ನಡುಮುಳ್ಳಿನ ಸುತ್ತ ಇರುವುದು ಬೆಳ್ಳಗಿನ ಮಾಂಸ. ಎರಡೂ ಪಕ್ಕದಲ್ಲಿ, ಚರ್ಮದ ಹತ್ತಿರ, ಕಂದುಗೆಂಪು ಬಣ್ಣದ ಒಂದೊಂದು ಪಟ್ಟಿ ಕಾಣುತ್ತದೆ. ಬಂಗುಡೆಯಲ್ಲಿ ಆ ಪಟ್ಟಿ ಇನ್ನೂ ಅಗಲ. ನಿಲ್ಲದೆ, ನಿಧಾನವಾಗಿ ಈಜುವುದಕ್ಕೆ ಬಳಕೆಯಾಗುವ ಸ್ನಾಯು ಅದು. ಅಲ್ಲಿ ಪಾರ್ವಾಲ್ಬುಮಿನ್ ಬಿಳಿ ಮಾಂಸಕ್ಕಿಂತ ತುಂಬಾ ಕಮ್ಮಿ. ಹಾಗಂತ ಆ ಪಟ್ಟಿಯನ್ನು ಬಿಡಿಸಿ ತಿನ್ನಲು ಹೋಗಬೇಡಿ. ಅಡುಗೆಯಲ್ಲಿ ಎರಡೂ ಬೆರೆತೇ ಬೆರೆಯುತ್ತವೆ, ಅಲ್ವಾ?

ಇದೇ ಪ್ರೋಟೀನು ಅಂತ ಪತ್ತೆ ಮಾಡಿದ್ದು ಯಾರು?

ಅಲರ್ಜಿ ವಿಜ್ಞಾನದ ಚರಿತ್ರೆಯಲ್ಲಿ ಮೀನಿಗೆ ದೊಡ್ಡ ಜಾಗ ಇದೆ. ಇಂದು ಪೋಲೆಂಡಿನಲ್ಲಿರುವ ವ್ರೊಟ್ಸ್ವಾಫ್ ಆಗ ಜರ್ಮನಿಯ ಬ್ರೆಸ್ಲಾವ್ ಆಗಿತ್ತು. ಅಲ್ಲಿನ ವೈದ್ಯ ಹೈನ್ಸ್ ಕ್ಯುಸ್ಟ್ನರ್‌ಗೆ ಬೇಯಿಸಿದ ಮೀನು ಆಗುತ್ತಿರಲಿಲ್ಲ. ಅವರ ಸಹೋದ್ಯೋಗಿ ಕಾರ್ಲ್ ಪ್ರೌಸ್ನಿಟ್ಸ್, ಕ್ಯುಸ್ಟ್ನರ್ ರಕ್ತದ ಸೀರಂ ಅನ್ನು ತನ್ನ ಹೊಟ್ಟೆಯ ಚರ್ಮಕ್ಕೇ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ಗಂಧೆ ಎದ್ದಿತು. ಅಲರ್ಜಿ ಇಲ್ಲದ ಮನುಷ್ಯನ ಚರ್ಮ, ಬೇರೆಯವರ ಸೀರಂ ಸಿಕ್ಕ ಜಾಗದಲ್ಲಿ ಅಲರ್ಜಿ ತೋರಿಸಿತು. ಅಂದರೆ ರಕ್ತದಲ್ಲೇ ಏನೋ ಇದೆ. 1921ರಲ್ಲಿ ಪ್ರಕಟವಾದ ಈ ಪ್ರಯೋಗ ಹೇಳಿದ ಆ ವಸ್ತುವೇ ಐಜಿಇ ಎಂದು ತಿಳಿಯಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು.

ಇನ್ನೊಂದು ಕಡೆ, ಮೀನಿನೊಳಗಿನ ವಸ್ತುವನ್ನು ಹುಡುಕಿದವರು ನಾರ್ವೆಯವರು. ಮೀನೇ ಜೀವನವಾಗಿರುವ ದೇಶ ಅದು. ಸಯೀದ್ ಎಲ್ಸಾಯೆದ್ ಮತ್ತು ಕ್ಯೆಲ್ ಓಸ್ ಕಾಡ್ ಎಂಬ ಸಮುದ್ರ ಮೀನಿನಿಂದ ಅಲರ್ಜಿ ತರುವ ಪ್ರೋಟೀನನ್ನು ಬೇರ್ಪಡಿಸಿ ಶುದ್ಧ ಮಾಡಿದರು. 1970ರ ದಶಕದಲ್ಲಿ ಅದರ ಅಮೈನೋ ಆಮ್ಲಗಳ ಸರಣಿಯೂ ತಿಳಿಯಿತು. ಅದು ಕಾಡ್ ಮೀನಿನ ಪಾರ್ವಾಲ್ಬುಮಿನ್, ಈಗ ಅದಕ್ಕೆ ಗ್ಯಾಡ್ ಸಿ 1 ಎಂದು ಹೆಸರು. ಇಷ್ಟು ವಿವರವಾಗಿ ತಿಳಿದುಬಂದ ಮೊದಲ ಆಹಾರ ಅಲರ್ಜಿಕಾರಕಗಳಲ್ಲಿ ಇದೂ ಒಂದು.

ಚೆನ್ನಾಗಿ ಬೇಯಿಸಿ, ಹುಳಿ ಜಾಸ್ತಿ ಹಾಕಿದ್ರೆ ಆ ಪ್ರೋಟೀನು ಸಾಯಲ್ವಾ?

ಸಾಯುವುದಿಲ್ಲ. ಎಷ್ಟೋ ಪ್ರೋಟೀನುಗಳು ಕುದಿಯುವ ನೀರಿನಲ್ಲಿ ಗಟ್ಟಿಯಾಗಿ ಆಕಾರ ಕಳೆದುಕೊಳ್ಳುತ್ತವೆ. ಪಾರ್ವಾಲ್ಬುಮಿನ್ ಮಾತ್ರ ಬಿಸಿಯನ್ನು ತಡೆದುಕೊಳ್ಳುತ್ತದೆ. ಅದು ನೀರಿನಲ್ಲಿ ಕರಗುವಂಥದ್ದು ಕೂಡ. ಹಾಗಾಗಿ ಪುಳಿಮುಂಚಿ ಮಾಡಿದರೆ ತುಂಡಿನಲ್ಲೂ ಇರುತ್ತದೆ, ರಸಕ್ಕೂ ಇಳಿಯುತ್ತದೆ. "ತುಂಡು ಬೇಡ, ಬರೀ ರಸ ಹಾಕಿ" ಎಂದು ಕೇಳುವವರು ಇದನ್ನು ಮರೆಯಬಾರದು. ರವಾ ಫ್ರೈ, ತವಾ ಫ್ರೈ, ಒಣಮೀನು ಚಟ್ನಿ ಯಾವುದೂ ಸುರಕ್ಷಿತವಲ್ಲ.

ಡಬ್ಬಿಯ ಟ್ಯೂನಾ ಸ್ವಲ್ಪ ಬೇರೆ. ಡಬ್ಬಿ ಮುಚ್ಚಿ ಒತ್ತಡದಲ್ಲಿ ತುಂಬಾ ಹೊತ್ತು ಕಾಯಿಸುವುದರಿಂದ ಪ್ರೋಟೀನು ಸಾಕಷ್ಟು ಹಾಳಾಗುತ್ತದೆ. ಮೀನಿನ ಅಲರ್ಜಿ ಇದ್ದೂ ಅದನ್ನು ತಿನ್ನಬಲ್ಲವರು ಕೆಲವರಿದ್ದಾರೆ, ಆಗದವರೂ ಇದ್ದಾರೆ. ನೀವು ಯಾವ ಗುಂಪಿನವರು ಎಂದು ಆಸ್ಪತ್ರೆಯಲ್ಲೇ ತಿಳಿಯಬೇಕು, ಮನೆಯ ಊಟದ ಮೇಜಿನಲ್ಲಲ್ಲ.

ಬಂಗುಡೆ ಆಗಲ್ಲ. ಅಂಜಲ್, ಮಾಂಜಿ, ಕಾಣೆ ಆದ್ರೂ ತಿನ್ನಬಹುದಾ ಮಾರಾಯ್ರೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ಧ್ವನಿಯಲ್ಲಿರುವ ಆಸೆಯೂ ಅರ್ಥವಾಗುತ್ತದೆ.

ಬೇರೆ ಬೇರೆ ಮೀನುಗಳ ಪಾರ್ವಾಲ್ಬುಮಿನ್‌ಗಳು ಅಣ್ಣತಮ್ಮಂದಿರ ಮುಖದ ಹಾಗೆ. ಒಂದೇ ಅಲ್ಲ, ಆದರೆ ಕತ್ತಲಲ್ಲಿ ಗುರುತು ತಪ್ಪುವಷ್ಟು ಹೋಲಿಕೆ ಇದೆ. ಬಂಗುಡೆಯನ್ನು ಗುರುತಿಸಲು ತಯಾರಾದ ಐಜಿಇ ಬೇರೆ ಮೀನಿಗೂ ಅಂಟಿಕೊಳ್ಳಬಹುದು. ಆದ್ದರಿಂದ ಒಂದು ಮೀನು ಆಗದವರು, ಪರೀಕ್ಷೆ ಆಗುವವರೆಗೆ, ಎಲ್ಲ ಮೀನನ್ನೂ ಬಿಡಬೇಕು ಎಂದೇ ವೈದ್ಯರು ಹೇಳುತ್ತಾರೆ.

ಪರೀಕ್ಷೆ ಆದ ಮೇಲಿನ ಮಾತು ಬೇರೆ. ಪ್ರೋಟೀನಿನ ಪ್ರಮಾಣ ಮೀನಿನಿಂದ ಮೀನಿಗೆ ತುಂಬಾ ಬದಲಾಗುತ್ತದೆ. ಬೂತಾಯಿಯ ಬಳಗದ ಹೆರ್ರಿಂಗ್ ಮೀನಿನಲ್ಲೂ ಗೆಂಡೆ ಜಾತಿಯವುಗಳಲ್ಲೂ ಅದು ಜಾಸ್ತಿ. ಟ್ಯೂನಾ, ಕತ್ತಿಮೀನುಗಳಲ್ಲಿ ತುಂಬಾ ಕಮ್ಮಿ. ಹೆರ್ರಿಂಗ್‌ಗೂ ಟ್ಯೂನಾಗೂ ಹೋಲಿಸಿದರೆ ನೂರು ಪಟ್ಟಿನಷ್ಟು ವ್ಯತ್ಯಾಸ ಅಳೆದವರಿದ್ದಾರೆ. ಹಾಗಾಗಿ ಕೆಲವರಿಗೆ ಒಂದೆರಡು ಜಾತಿಯ ಮೀನು ನಿಜವಾಗಿಯೂ ಆಗುತ್ತದೆ. ಅದು ಯಾವುದು ಎಂದು ತಿಳಿಯುವುದು ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರು ಸ್ವಲ್ಪ ಸ್ವಲ್ಪವೇ ತಿನ್ನಿಸಿ ನೋಡುವ ಚಾಲೆಂಜ್ ಪರೀಕ್ಷೆಯಿಂದ. ಒಂದು ಮೀನನ್ನಾದರೂ ಊಟಕ್ಕೆ ವಾಪಸ್ ತರಲು ಸಾಧ್ಯವೇ ಎಂದು ಧೈರ್ಯವಾಗಿ ಕೇಳಿ. ಅದು ನ್ಯಾಯವಾದ ಪ್ರಶ್ನೆ.

ಒಳನಾಡಿನವರಿಗೆ ಒಂದು ಮಾತು. ಕಾಟ್ಲಾ, ರೋಹು, ಮೃಗಾಲ್ ಮೂರೂ ಗೆಂಡೆಯ ಕುಟುಂಬದವು. ಒಂದು ಆಗದಿದ್ದರೆ ಇನ್ನೊಂದು ಆಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ. "ಸಮುದ್ರದ ಮೀನು ಆಗಲ್ಲ, ಕೆರೆ ಮೀನು ಆಗುತ್ತೆ" ಎನ್ನುವ ಲೆಕ್ಕಕ್ಕೂ ಆಧಾರ ಇಲ್ಲ. ನೀರು ಉಪ್ಪೋ ಸಿಹಿಯೋ ಎನ್ನುವುದರಿಂದ ಈ ಪ್ರೋಟೀನು ಬದಲಾಗುವುದಿಲ್ಲ.

ತೊರಕೆ, ತಾಟೆ ಮೀನು ಬೇರೆ ಥರ ಅಂತಾರಲ್ಲ?

ಹೌದು, ಇದು ಸ್ವಾರಸ್ಯದ ವಿಷಯ. ತೊರಕೆ (ರೇ), ತಾಟೆ (ಶಾರ್ಕ್) ಮೀನುಗಳಿಗೆ ಗಟ್ಟಿ ಮುಳ್ಳಿಲ್ಲ, ಮೃದ್ವಸ್ಥಿ ಮಾತ್ರ. ಮುಳ್ಳಿನ ಮೀನುಗಳ ಮಾಂಸದಲ್ಲಿ ಹೆಚ್ಚಾಗಿ ಇರುವುದು ಬೀಟಾ ಬಗೆಯ ಪಾರ್ವಾಲ್ಬುಮಿನ್. ಇವುಗಳಲ್ಲಿ ಇರುವುದು ಆಲ್ಫಾ ಬಗೆ. ಅದಕ್ಕೆ ಅಲರ್ಜಿ ತರುವ ಗುಣ ಕಮ್ಮಿ. ಯುರೋಪಿನ ಒಂದು ಅಧ್ಯಯನದಲ್ಲಿ ಮೀನಿನ ಅಲರ್ಜಿ ಇರುವವರಿಗೆ ವೈದ್ಯರ ಎದುರು ತೊರಕೆ ಜಾತಿಯ ಮೀನು ತಿನ್ನಿಸಿದಾಗ ಬಹುತೇಕರಿಗೆ ಏನೂ ಆಗಲಿಲ್ಲ. ಅಲ್ಲೂ ಎಲ್ಲರಿಗೂ ಅಲ್ಲ ಎನ್ನುವುದನ್ನು ಗಮನಿಸಿ. ವೈದ್ಯರ ಹತ್ತಿರ ಕೇಳಲು ಇದು ಒಳ್ಳೆಯ ಆಯ್ಕೆ.

ರಿಪೋರ್ಟಲ್ಲಿ ಪಾರ್ವಾಲ್ಬುಮಿನ್ ನೆಗೆಟಿವ್ ಬಂದಿದೆ, ಆದ್ರೂ ಮೀನು ಆಗ್ತಿಲ್ಲ. ರಿಪೋರ್ಟ್ ತಪ್ಪಾ?

ತಪ್ಪಿರಬೇಕಾಗಿಲ್ಲ. ಮೀನಿನ ಸ್ನಾಯುವಿನಲ್ಲಿ ಅಲರ್ಜಿ ತರುವ ಬೇರೆ ಪ್ರೋಟೀನುಗಳೂ ಇವೆ. ಎನೊಲೇಸ್, ಆಲ್ಡೊಲೇಸ್ ಎಂಬ ಎರಡು ಕಿಣ್ವಗಳು ಸಕ್ಕರೆಯಿಂದ ಶಕ್ತಿ ತೆಗೆಯುವ ಕೆಲಸದವು. ಇವು ಬಿಸಿಗೆ ಪಾರ್ವಾಲ್ಬುಮಿನ್‌ನಷ್ಟು ತಡೆಯುವುದಿಲ್ಲ. ಚರ್ಮ ಮತ್ತು ಮಾಂಸದಲ್ಲಿರುವ ಕೊಲಾಜನ್, ಅದರಿಂದ ಮಾಡಿದ ಜೆಲಾಟಿನ್‌ಗೂ ಅಲರ್ಜಿ ಇರುವವರಿದ್ದಾರೆ. ನಾವು ಜಿಲೇಬಿ ಮೀನು ಎನ್ನುವ ತಿಲಾಪಿಯಾದಲ್ಲಿ ಟ್ರೋಪೊಮಯೊಸಿನ್ ಕೂಡ ಅಲರ್ಜಿ ತರುವುದು ದಾಖಲಾಗಿದೆ.

ಇನ್ನೊಂದು ಕಾರಣ, ಪರೀಕ್ಷೆಗೆ ಬಳಸುವ ಮೀನು. ಈ ಪರೀಕ್ಷೆಗಳು ಬೆಳೆದದ್ದು ಕಾಡ್ ಮೀನು ತಿನ್ನುವ ದೇಶಗಳಲ್ಲಿ. ನೀವು ತಿಂದದ್ದು ಕೊಡ್ಡಾಯಿ. ಅಂಥ ಕಡೆ ವೈದ್ಯರು ನೀವು ತಿಂದ ಅದೇ ಮೀನಿಗೆ ಸೂಜಿ ಚುಚ್ಚಿ, ಆಮೇಲೆ ನಿಮ್ಮ ಚರ್ಮಕ್ಕೆ ಚುಚ್ಚಿ ನೋಡುವುದುಂಟು. ಯಾವ ಮೀನು, ಹೇಗೆ ಬೇಯಿಸಿದ್ದು, ಎಷ್ಟು ಹೊತ್ತಿಗೆ ಏನಾಯ್ತು ಎಂದು ಬರೆದುಕೊಂಡು ಹೋದರೆ ಅವರಿಗೆ ಅರ್ಧ ಕೆಲಸ ಹಗುರ.

## ಪರೀಕ್ಷೆ, ಔಷಧಿ

ರಕ್ತ ಪರೀಕ್ಷೆ ಮಾಡಿಸಿದ್ರೆ ಮೀನು, ಶೇಂಗಾ, ಬದನೆಕಾಯಿ ಎಲ್ಲಾ ಪಾಸಿಟಿವ್. ಇನ್ನು ತಿನ್ನೋದೇನು?

ಪಾಸಿಟಿವ್ ಎಂದರೆ ಆ ಪದಾರ್ಥಕ್ಕೆ ನಿಮ್ಮ ರಕ್ತದಲ್ಲಿ ಐಜಿಇ ಇದೆ ಎಂದಷ್ಟೇ. ತಿಂದಾಗ ತೊಂದರೆ ಆದರೆ ಮಾತ್ರ ಅಲರ್ಜಿ. ಇದಕ್ಕೆ ನಮ್ಮ ಊರಿನದ್ದೇ ಲೆಕ್ಕ ಇದೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅಧ್ಯಯನದಲ್ಲಿ ಶೇಕಡಾ 26.5ರಷ್ಟು ಜನರಿಗೆ ಯಾವುದಾದರೂ ಆಹಾರಕ್ಕೆ ಐಜಿಇ ಇತ್ತು. ಆಹಾರ ಅಲರ್ಜಿ ಇರಬಹುದು ಎನ್ನಬಹುದಾದವರು ಮಾತ್ರ ಶೇಕಡಾ 1.2. ಬರೀ ರಿಪೋರ್ಟ್ ನೋಡಿ ಆಹಾರ ಬಿಡಿಸಿದರೆ ಎಷ್ಟು ಜನ ಸುಮ್ಮನೆ ಪಥ್ಯ ಮಾಡಬೇಕಾಗುತ್ತದೆ, ನೀವೇ ಯೋಚಿಸಿ.

ತೊಂದರೆ ಇಲ್ಲದೆ ತಿನ್ನುತ್ತಿರುವುದನ್ನು ರಿಪೋರ್ಟಿಗಾಗಿ ಬಿಡಬೇಡಿ. ಮೊದಲು ವೈದ್ಯರಿಗೆ ತೋರಿಸಿ. ಐಜಿಜಿ ಎಂಬ ಬೇರೆ ಬಗೆಯ ಪ್ರತಿಕಾಯದ ಹೆಸರಿನಲ್ಲಿ ನೂರಾರು ಆಹಾರ ನೋಡುವ ದುಬಾರಿ ಪ್ಯಾಕೇಜುಗಳಿಗೆ ದುಡ್ಡು ಹಾಕಲೇಬೇಡಿ. ಐಜಿಜಿ ಇರುವುದು ನೀವು ಆ ಆಹಾರ ತಿಂದಿದ್ದೀರಿ ಎನ್ನುವುದಕ್ಕೆ ಗುರುತು, ಅಲರ್ಜಿಗಲ್ಲ.

ತಿಂದಾದ ಮೇಲೆ ಗಂಟಲು ಕಟ್ಟಿದ ಹಾಗಾದ್ರೆ ತಕ್ಷಣ ಏನು ಮಾಡ್ಬೇಕು?

ಅಡ್ರಿನಲಿನ್. ಅನಾಫಿಲಾಕ್ಸಿಸ್‌ಗೆ ಮೊದಲ ಮದ್ದು ಅದೊಂದೇ. ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಬೇಕು, ತಡ ಮಾಡದೆ. ಒಮ್ಮೆ ತೀವ್ರವಾಗಿ ಆದವರು ಅದನ್ನು ಹತ್ತಿರ ಇಟ್ಟುಕೊಳ್ಳುವ ಬಗ್ಗೆ ವೈದ್ಯರೊಡನೆ ಮಾತಾಡಲೇಬೇಕು. ಹೊರದೇಶಗಳಲ್ಲಿ ಸಿಗುವ ಪೆನ್ನಿನಂಥ ಇಂಜೆಕ್ಷನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದರ ಬದಲು ಸಿರಿಂಜ್ ಮತ್ತು ಔಷಧಿಯನ್ನು ಬರೆದುಕೊಟ್ಟು, ಎಷ್ಟು ಚುಚ್ಚಬೇಕು, ಹೇಗೆ ಎಂದು ಮನೆಯವರಿಗೂ ವೈದ್ಯರು ಕಲಿಸಿಕೊಡಬಹುದು.

108ಕ್ಕೆ ಫೋನ್ ಮಾಡಿ. ರೋಗಿಯನ್ನು ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ. ಉಸಿರಾಡಲು ಕಷ್ಟವಾದರೆ ಒರಗಿ ಕೂರಲಿ. ಎದ್ದು ನಿಲ್ಲಿಸುವುದು, ನಡೆಸುವುದು ಬೇಡವೇ ಬೇಡ, ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಮಜ್ಜಿಗೆ, ಪುನರ್ಪುಳಿ ನೀರು ಕುಡಿಸುತ್ತಾ ಸಮಯ ಕಳೆಯಬೇಡಿ. ಸುಧಾರಿಸಿದರೂ ಆಸ್ಪತ್ರೆಗೆ ಹೋಗಿ, ಕೆಲವು ಗಂಟೆ ಬಿಟ್ಟು ಮತ್ತೆ ಬರುವುದುಂಟು.

ಮೊದಲೇ ಒಂದು ಸೆಟ್ರಿಜಿನ್ ನುಂಗಿ ಮೀನೂಟಕ್ಕೆ ಹೋಗಬಹುದಾ?

ದಯವಿಟ್ಟು ಬೇಡ. ಆ ಮಾತ್ರೆ ತುರಿಕೆ, ಗಂಧೆ ಕಮ್ಮಿ ಮಾಡುತ್ತದೆ. ಗಂಟಲು ಊದುವುದನ್ನು, ರಕ್ತದೊತ್ತಡ ಇಳಿಯುವುದನ್ನು ತಡೆಯುವುದಿಲ್ಲ. ಮೊದಲ ಎಚ್ಚರಿಕೆಯ ಲಕ್ಷಣವನ್ನೇ ಅದು ಮುಚ್ಚಿಹಾಕುತ್ತದೆ.

ಮಗಳಿಗೆ ಮೀನಿನ ಅಲರ್ಜಿ. ದೊಡ್ಡವಳಾದಾಗ ಹೋಗುತ್ತಾ?

ಹಾಲು, ಮೊಟ್ಟೆಯ ಅಲರ್ಜಿಯಷ್ಟು ಸುಲಭವಾಗಿ ಹೋಗುವುದಿಲ್ಲ, ಹೆಚ್ಚಿನವರಲ್ಲಿ ಉಳಿದುಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಹೋಗುವುದೂ ನಿಜ. ಅದಕ್ಕೇ ವೈದ್ಯರು ಹೇಳಿದ ಅಂತರದಲ್ಲಿ ಮತ್ತೆ ಪರೀಕ್ಷೆ ಮಾಡಿಸುತ್ತಿರಿ. ಶಾಲೆಯ ಟೀಚರಿಗೆ, ಜೊತೆ ಕೂತು ಡಬ್ಬಿ ಹಂಚಿಕೊಳ್ಳುವ ಗೆಳತಿಗೂ ತಿಳಿಸಿಡಿ.

ಬಸುರಿಯಲ್ಲಿ ಮೀನು ತಿಂದದ್ದಕ್ಕೆ ಮಗುವಿಗೆ ಹೀಗಾಯಿತು ಎಂದು ಯಾರಾದರೂ ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಗುವಿನ ಅಲರ್ಜಿ ತಡೆಯಲು ತಾಯಿ ಮೀನು ಬಿಡಬೇಕು ಎನ್ನುವ ಸಲಹೆಗೆ ಆಧಾರ ಇಲ್ಲ.

## ಮನೆಯಿಂದ ಹೊರಗೆ

ಮೆಹೆಂದಿ ಊಟ, ಹೋಟೆಲು. ನಾನು ಕೋಳಿ ಮಾತ್ರ ತಿಂತೇನೆ. ಸಾಕಲ್ವಾ?

ಸಾಲದು. ಮೀನಿನ ಹೋಟೆಲಿನ ಕಾವಲಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಮಸಾಲೆ ಹಚ್ಚಿದ ಬಂಗುಡೆ ಚುಂಯ್ ಎನ್ನುತ್ತಿರುತ್ತದೆ. ಅದನ್ನು ತಿರುವಿದ ಸಟ್ಟುಗದಲ್ಲೇ ಪಕ್ಕದ ಚಿಕನ್ ಸುಕ್ಕ ಕೈಯಾಡಿಸುತ್ತಾರೆ. ಕಾವಲಿಯ ಅಂಚಿಗೆ ಸರಿದ ಮಸಾಲೆ ಎಣ್ಣೆಯನ್ನು ಬಳಿದು ಮುಂದಿನ ಆರ್ಡರಿಗೆ ಹಾಕುತ್ತಾರೆ. ಕಬಾಬ್ ಕರಿಯುವ ಎಣ್ಣೆಯಲ್ಲಿ ಕಾಣೆಯೂ ಕರಿದಿರುತ್ತದೆ. ತೀವ್ರ ಅಲರ್ಜಿ ಇರುವವರಿಗೆ ಕೆಲವು ಮಿಲಿಗ್ರಾಂ ಪ್ರೋಟೀನು ಸಾಕು.

"ಮೀನು ಹಾಕಿದ್ದೀರಾ?" ಎಂದಷ್ಟೇ ಕೇಳಬೇಡಿ. "ಇದೇ ಎಣ್ಣೆ, ಇದೇ ಕಾವಲಿಯಲ್ಲಿ ಮೀನು ಮಾಡಿದ್ದೀರಾ?" ಎಂದು ಕೇಳಿ. ಮದುವೆ ಮನೆಯಲ್ಲಿ ಹೀಗೆ ಕೇಳಲು ಸಂಕೋಚ ಆಗುತ್ತದೆ, ಗೊತ್ತು. ಆದರೂ ಅಡುಗೆ ಭಟ್ಟರ ಹತ್ತಿರವೇ ಹೋಗಿ ಕೇಳಿ. ಬಡಿಸುವ ಹುಡುಗರಿಗೆ ಗೊತ್ತಿರುವುದಿಲ್ಲ.

ಪ್ಯಾಕೆಟ್ ಆಹಾರದಲ್ಲಿ ಮೀನು ಇದೆಯಾ ಅಂತ ಹೇಗೆ ತಿಳಿಯೋದು?

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಮೀನು ಘೋಷಿಸಲೇಬೇಕಾದ ಅಲರ್ಜಿಕಾರಕಗಳಲ್ಲಿ ಒಂದು. ಪದಾರ್ಥಗಳ ಪಟ್ಟಿಯ ಹತ್ತಿರ ನೋಡಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೂ ಅನುಕೂಲ, ಅಲ್ಲಿ ಮೀನಿನ ಜಾತಿಯ ಹೆಸರನ್ನೂ ಬರೆಯಬೇಕು.

ಮೋಸ ಹೋಗುವ ಜಾಗಗಳು ಇವು: ವೂಸ್ಟರ್‌ಶೈರ್ ಸಾಸ್ ಮತ್ತು ಸೀಸರ್ ಸಲಾಡಿನಲ್ಲಿ ಆಂಚೊವಿ ಎಂಬ ಸಣ್ಣ ಮೀನು ಇರುತ್ತದೆ. ಥಾಯ್ ಅಡುಗೆಯಲ್ಲಿ ಫಿಶ್ ಸಾಸ್ ಇರುತ್ತದೆ, ತರಕಾರಿ ಕರಿಯಲ್ಲೂ. ಕೆಲವು ಬಿಯರ್, ವೈನ್‌ಗಳನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಪದಾರ್ಥ ಬಳಸುತ್ತಾರೆ. ಕ್ರ್ಯಾಬ್ ಸ್ಟಿಕ್‌ನಲ್ಲಿ ಏಡಿಗಿಂತ ಮೀನೇ ಜಾಸ್ತಿ. ಅದು ಸುರಿಮಿ, ಮೀನಿನ ಮಾಂಸ ರುಬ್ಬಿ ತೊಳೆದು ಮಾಡಿದ ಮುದ್ದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮದ್ಮಾಲ್ ಮೀನಿನಿಂದ ಮಾಡಿ ರಫ್ತು ಮಾಡುತ್ತಾರೆ.

ಡಾಕ್ಟ್ರು ಒಮೆಗಾ-3 ಮೀನೆಣ್ಣೆ ಮಾತ್ರೆ ಬರೆದಿದ್ದಾರೆ. ತಗೊಳ್ಲಾ?

ಅಲರ್ಜಿ ತರುವುದು ಪ್ರೋಟೀನು, ಎಣ್ಣೆಯಲ್ಲ. ಚೆನ್ನಾಗಿ ಶುದ್ಧ ಮಾಡಿದ ಎಣ್ಣೆಯಲ್ಲಿ ಪ್ರೋಟೀನು ತೀರಾ ಕಮ್ಮಿ. ಆದರೆ ಎಲ್ಲ ಕಂಪನಿಯ ಶುದ್ಧತೆ ಒಂದೇ ಅಲ್ಲ, ಮೇಲಿನ ಕವಚ ಮೀನಿನ ಜೆಲಾಟಿನ್ ಆಗಿರಲೂಬಹುದು. ಬರೆದ ವೈದ್ಯರಿಗೆ ಅಲರ್ಜಿ ಇದೆ ಎಂದು ಹೇಳಿ, ಪಾಚಿಯಿಂದ ತೆಗೆದ ಒಮೆಗಾ-3 ಕೇಳಿ. ಮೀನಿಗೂ ಅದು ಸಿಗುವುದು ಪಾಚಿಯ ಮೂಲಕವೇ.

ಸಿ.ಟಿ. ಸ್ಕ್ಯಾನಿನ ಡೈಯಲ್ಲಿ ಐಯೊಡಿನ್ ಇದೆ, ಮೀನು ಆಗದವರಿಗೆ ಅಪಾಯ ಅಂತ ಹೇಳಿದ್ರು. ನಿಜವಾ?

ಇದು ಹಳೆಯ ತಪ್ಪು ತಿಳಿವಳಿಕೆ. ಮೀನಿನಲ್ಲಿ ಐಯೊಡಿನ್ ಇರುವುದು ನಿಜ, ಉಪ್ಪಿನಲ್ಲೂ ಇದೆ. ಅಲರ್ಜಿ ಇರುವುದು ಸ್ನಾಯುವಿನ ಪ್ರೋಟೀನಿಗೆ, ಐಯೊಡಿನ್‌ಗಲ್ಲ. ಮೀನಿನ ಅಲರ್ಜಿ ಇದೆ ಎಂಬ ಒಂದೇ ಕಾರಣಕ್ಕೆ ಬೇಕಾದ ಸ್ಕ್ಯಾನ್ ಬಿಡಬೇಕಾಗಿಲ್ಲ.

ಹೃದಯದ ಆಪರೇಷನ್ ಇದ್ದರೆ ಮಾತ್ರ ಮರೆಯದೆ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಹೆಪಾರಿನ್‌ನ ಪರಿಣಾಮ ಇಳಿಸಲು ಪ್ರೋಟಮಿನ್ ಎಂಬ ಔಷಧಿ ಬಳಸುತ್ತಾರೆ. ಅದು ಸಾಲ್ಮನ್ ಜಾತಿಯ ಗಂಡು ಮೀನಿನ ವೀರ್ಯದಿಂದ ಬಂದದ್ದು. ಅರಿವಳಿಕೆ ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಸಿದ್ಧರಾಗಿರುತ್ತಾರೆ.

ನನಗೆ ಉಬ್ಬಸ ಇದೆ. ಹೈದರಾಬಾದಿನ ಮೀನಿನ ಔಷಧಿಗೆ ಹೋಗೋಣ ಅಂತಿದ್ದೇವೆ.

ಮೃಗಶಿರ ಮಳೆ ಹುಟ್ಟುವ ಜೂನ್ ತಿಂಗಳಲ್ಲಿ ನಮ್ಮ ರಾಜ್ಯದಿಂದಲೂ ತುಂಬಾ ಜನ ಹೋಗುತ್ತಾರೆ. ಹಳದಿ ಔಷಧಿಯ ಉಂಡೆಯನ್ನು ಜೀವಂತ ಕೊರವ ಮೀನಿನ ಮರಿಯ ಬಾಯಲ್ಲಿಟ್ಟು ನುಂಗಿಸುತ್ತಾರೆ. ಅದರಿಂದ ಉಬ್ಬಸ ವಾಸಿಯಾಗುತ್ತದೆ ಎನ್ನುವುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಮೀನಿನ ಅಲರ್ಜಿ ಇರುವವರಂತೂ ಹೋಗಲೇಬಾರದು. ಹಸಿ ಮೀನಿನಲ್ಲೂ ಆ ಪ್ರೋಟೀನು ಪೂರ್ತಿ ಇದೆ. ಹತೋಟಿಯಲ್ಲಿಲ್ಲದ ಉಬ್ಬಸ ಇದ್ದವರಿಗೆ ಆಹಾರ ಅಲರ್ಜಿ ಬಂದರೆ ಅದು ಪ್ರಾಣಕ್ಕೇ ಕುತ್ತಾಗುವ ಸಾಧ್ಯತೆ ಜಾಸ್ತಿ. ಇನ್‌ಹೇಲರ್ ಬಿಟ್ಟು ಹೋಗುವುದಂತೂ ಇನ್ನೂ ಕೆಟ್ಟದ್ದು.

ಬರೀ ವಾಸನೆಗೆ ಅಲರ್ಜಿ ಆಗುತ್ತಾ? ನನ್ನ ತಮ್ಮ ಮೀನಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ.

ಮೀನಿನ ವಾಸನೆ ಬರುವುದು ಅಮೀನ್ ಎಂಬ ಸಣ್ಣ ರಾಸಾಯನಿಕಗಳಿಂದ. ಅವು ಅಲರ್ಜಿ ತರುವುದಿಲ್ಲ. ಆದರೆ ಮೀನು ಬೇಯುವ ಆವಿಯ ಜೊತೆ ಪ್ರೋಟೀನಿನ ಕಣಗಳೂ ಗಾಳಿಗೆ ಏಳುತ್ತವೆ. ಅವು ಉಸಿರಿನೊಳಗೆ ಹೋದರೆ ಸೀನು, ಕಣ್ಣುರಿ, ಉಬ್ಬಸ ಬರಬಹುದು. ಮೀನು ಸಂಸ್ಕರಿಸುವ, ಮೀನಿನ ಹಿಟ್ಟು ಮಾಡುವ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಹೀಗೆ ಉಬ್ಬಸ ಬರುವುದನ್ನು ಹಲವು ದೇಶಗಳಲ್ಲಿ ದಾಖಲಿಸಿದ್ದಾರೆ. ಕೆಲಸದ ದಿನ ಕೆಮ್ಮು ಜಾಸ್ತಿ, ರಜೆಯಲ್ಲಿ ಕಮ್ಮಿ ಆಗುತ್ತದೆಯೇ ಎಂದು ತಮ್ಮನನ್ನು ಕೇಳಿ. ಹೌದಾದರೆ ಬೇಗ ಪರೀಕ್ಷೆ ಆಗಲಿ. ಗಾಳಿಯಾಡುವ ವ್ಯವಸ್ಥೆ, ಕೈಗವಸು, ಮಾಸ್ಕ್ ಕೊಡುವುದು ಕೆಲಸ ಕೊಟ್ಟವರ ಹೊಣೆ. ಅದನ್ನು ಕೇಳುವುದು ದೂರು ಹೇಳಿದಂತಲ್ಲ.

## ಇನ್ನೂ ಆಳಕ್ಕೆ

ಮೀನಿನ ಅಲರ್ಜಿ ಇದೆ. ಈಗ ಕೋಳಿ ತಿಂದ್ರೂ ಬಾಯಿ ತುರಿಸುತ್ತೆ. ಇದೇನು ಹೊಸದು?

ಇದಕ್ಕೆ ಮೀನು-ಕೋಳಿ ಅಲರ್ಜಿ ಎಂದೇ ಹೆಸರಿದೆ. ಅಪರೂಪ, ಆದರೆ ನಿಜ. ಕೋಳಿಯ ಸ್ನಾಯುವಿನಲ್ಲೂ ಪಾರ್ವಾಲ್ಬುಮಿನ್, ಎನೊಲೇಸ್, ಆಲ್ಡೊಲೇಸ್ ಇವೆ. ಮೀನಿನವಕ್ಕೆ ತಯಾರಾದ ಐಜಿಇ ಕೆಲವರಲ್ಲಿ ಕೋಳಿಯವನ್ನೂ ಹಿಡಿಯುತ್ತದೆ. ಇದು ಮೊಟ್ಟೆಯ ಅಲರ್ಜಿಗಿಂತ ಬೇರೆ, ಹಾಗಾಗಿ ತಾನಾಗಿ ಮೊಟ್ಟೆ ಬಿಡುವುದು ಬೇಡ. ಕೋಳಿ ತೊಂದರೆ ಕೊಡದವರು ಕೋಳಿಯನ್ನೂ ಬಿಡಬೇಕಾಗಿಲ್ಲ.

ಮೀನು ಆಗುತ್ತೆ, ಮೀನಿನ ಮೊಟ್ಟೆ ಆಗಲ್ಲ. ಹೀಗೂ ಉಂಟಾ?

ಉಂಟು. ಮೊಟ್ಟೆಯಲ್ಲಿ ವೈಟೆಲೊಜೆನಿನ್ ಎಂಬ ಬೇರೆ ಪ್ರೋಟೀನು ಇದೆ. ಅದು ಭ್ರೂಣಕ್ಕೆ ಆಹಾರ, ಸ್ನಾಯುವಿನದ್ದಲ್ಲ.

ಮೀನಿನೊಳಗಿನ ಹುಳದಿಂದ ಅಲರ್ಜಿ ಬರುತ್ತದೆ ಅಂತ ಓದಿದೆ.

ಅನಿಸಾಕಿಸ್ ಎಂಬ ಸಣ್ಣ ಹುಳದ ಮರಿ ಸಮುದ್ರ ಮೀನಿನಲ್ಲಿರಬಹುದು. ಹಸಿ ಮೀನು ತಿನ್ನುವ ಜಪಾನ್, ಸ್ಪೇನ್‌ಗಳಲ್ಲಿ ಇದರ ತೊಂದರೆ ಹೆಚ್ಚು. ಬೇಯಿಸಿದರೆ, ಗಟ್ಟಿಯಾಗಿ ಹೆಪ್ಪುಗಟ್ಟಿಸಿದರೆ ಹುಳ ಸಾಯುತ್ತದೆ, ಆದರೆ ಅದರ ಕೆಲವು ಪ್ರೋಟೀನುಗಳು ಅಲರ್ಜಿ ತರುವ ಗುಣ ಕಳೆದುಕೊಳ್ಳುವುದಿಲ್ಲ. ಮೀನಿನ ಪರೀಕ್ಷೆಗಳೆಲ್ಲ ನೆಗೆಟಿವ್, ಆದರೂ ಒಮ್ಮೊಮ್ಮೆ ಮಾತ್ರ ತೊಂದರೆ ಎನ್ನುವವರಲ್ಲಿ ವೈದ್ಯರು ಇದನ್ನೂ ಯೋಚಿಸುತ್ತಾರೆ.

ಇದನ್ನು ವಾಸಿ ಮಾಡುವ ಇಂಜೆಕ್ಷನ್ ಯಾವಾಗ ಬರುತ್ತೆ?

ಹತ್ತಿರದ ಪ್ರಯತ್ನ ಯುರೋಪಿನಲ್ಲಿ ಆಗಿದೆ. ಪಾರ್ವಾಲ್ಬುಮಿನ್‌ನ ಆಕಾರ ನಿಂತಿರುವುದು ಕ್ಯಾಲ್ಸಿಯಂ ಮೇಲೆ. ಕ್ಯಾಲ್ಸಿಯಂ ತೆಗೆದರೆ ಮಡಿಕೆ ಬಿಚ್ಚಿಕೊಂಡು ಐಜಿಇಗೆ ಅದರ ಗುರುತು ಸಿಗುವುದು ಕಷ್ಟವಾಗುತ್ತದೆ. ಇದನ್ನೇ ಬಳಸಿ, ಗೆಂಡೆ ಮೀನಿನ ಪಾರ್ವಾಲ್ಬುಮಿನ್‌ನಲ್ಲಿ ಕ್ಯಾಲ್ಸಿಯಂ ಕೂರುವ ಎರಡೂ ಜಾಗಗಳನ್ನು ಬದಲಾಯಿಸಿ, ಅಲರ್ಜಿ ಗುಣ ಕಮ್ಮಿಯಾದ ಪ್ರೋಟೀನನ್ನು ತಯಾರಿಸಿದರು. ಫಾಸ್ಟ್ ಎಂಬ ಯೋಜನೆಯಲ್ಲಿ ಅದನ್ನು ಮೀನಿನ ಅಲರ್ಜಿ ಇರುವವರಿಗೆ ಚರ್ಮದ ಕೆಳಗೆ ಚುಚ್ಚಿ ಪರೀಕ್ಷಿಸಿದರು. ಅಂಗಡಿಯಲ್ಲಿ ಸಿಗುವ ಔಷಧಿ ಅದಿನ್ನೂ ಆಗಿಲ್ಲ.

ಇನ್ನೊಂದು ದಾರಿ ಐಜಿಇಯನ್ನೇ ಹಿಡಿದು ಕಟ್ಟಿಹಾಕುವ ಒಮಾಲಿಜುಮಾಬ್. ಉಬ್ಬಸಕ್ಕೆ ಮೊದಲಿನಿಂದ ಬಳಕೆಯಲ್ಲಿರುವ ಈ ಇಂಜೆಕ್ಷನ್‌ಗೆ 2024ರಲ್ಲಿ ಅಮೆರಿಕದಲ್ಲಿ ಆಹಾರ ಅಲರ್ಜಿಗೂ ಒಪ್ಪಿಗೆ ಸಿಕ್ಕಿತು. ಗೊತ್ತಿಲ್ಲದೆ ಸ್ವಲ್ಪ ಹೊಟ್ಟೆಗೆ ಹೋದಾಗ ಆಗುವ ಅಪಾಯ ತಗ್ಗಿಸುವುದಕ್ಕೆ ಮಾತ್ರ ಅದು. ಅದನ್ನು ತೆಗೆದುಕೊಳ್ಳುವವರೂ ಮೀನನ್ನು ದೂರ ಇಡಲೇಬೇಕು, ಅಡ್ರಿನಲಿನ್ ಹತ್ತಿರ ಇಟ್ಟುಕೊಳ್ಳಲೇಬೇಕು.